ಅಂಗೈ ಹುಣ್ಣಿಗೂ ಮಾತು ಬೇಕು

(ಉದ್ಯೋಗಕ್ಕಾಗಿ ಜಪಾನಿಗೆ ಹೊರಟಿರುವ ಯುವಕ ಯುವತಿಯರಿಗಾಗಿ ಬೆಂಗಳೂರಿನಲ್ಲಿ ಏರ್ಪಡಿಸಿದ್ದ ಸಭೆಯಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ)



ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮಲ್ಲೊಂದು ಗಾದೆ ಇದೆ. ಕಣ್ಣೆದುರಿಗೆ ಇರುವುದಕ್ಕೆ ಪುರಾವೆ ಏಕೆ ಎಂಬುದು ಅದರ ಅರ್ಥ. ಪರದೇಶದಲ್ಲಿ ಚರ್ಮದ ಕಾಯಿಲೆ ಬಂದಾಗ ನಮ್ಮವರು ಬಹುಮಟ್ಟಿಗೆ ಈ ಗಾದೆಯನ್ನೇ ನಂಬಿಕೊಂಡು ವೈದ್ಯರ ಬಳಿ ಹೋಗುತ್ತಾರೆ. ಹೊಟ್ಟೆನೋವಾದರೆ ವಿವರಿಸಬೇಕು, ತಲೆಸುತ್ತಾದರೆ ವಿವರಿಸಬೇಕು. ಚರ್ಮಕ್ಕೇನು, ಅಂಗಿಯ ತೋಳು ಮೇಲೇರಿಸಿ ತೋರಿಸಿದರೆ ಮುಗಿಯಿತು, ಅಲ್ಲಿ ಭಾಷೆಯ ಹಂಗೇ ಇಲ್ಲ ಎಂದು ಭಾವಿಸುತ್ತಾರೆ.

ಈ ನಂಬಿಕೆ ಅರ್ಧ ಮಾತ್ರ ನಿಜ ಎಂದು ಹೇಳುವುದಕ್ಕಾಗಿ ನಾನಿಲ್ಲಿ ನಿಂತಿದ್ದೇನೆ. ನಾನು ವೈದ್ಯೆಯಲ್ಲ, ಪತ್ರಿಕೆಯ ವರದಿಗಾರ್ತಿ. ಓದಿ ತಿಳಿದದ್ದನ್ನು, ಬಲ್ಲವರನ್ನು ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ. ಚರ್ಮದ ಮೇಲೆ ಗುಳ್ಳೆ ಕಾಣುತ್ತದೆ, ಬಣ್ಣ ಕಾಣುತ್ತದೆ, ಹೊಪ್ಪಳೆ ಕಾಣುತ್ತದೆ. ಆದರೆ ಅದು ಎಂದು ಶುರುವಾಯಿತು, ಹೇಗೆ ಹಬ್ಬಿತು, ನವೆಯೋ ಉರಿಯೋ, ಅದರ ಮೇಲೆ ಯಾವ ಮುಲಾಮು ಬಿತ್ತು, ಮುಟ್ಟಿದರೆ ಗೊತ್ತಾಗುತ್ತದೆಯೋ ಇಲ್ಲವೋ, ಇದ್ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಇವಿಷ್ಟೂ ಮಾತಿನಿಂದಲೇ ಬರಬೇಕು. ಆ ಮಾತು ಬಾರದೆ ಹೋದರೆ ಚರ್ಮದ ಮೇಲಿನದು ಮೂಗ ಕಂಡ ಕನಸಿನ ಹಾಗೆ ಉಳಿದುಬಿಡುತ್ತದೆ.

ಜಪಾನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಲು ಕಾರಣವಿದೆ. 2024ರ ಕೊನೆಗೆ ಆ ದೇಶದಲ್ಲಿ ನೆಲೆಸಿದ್ದ ವಿದೇಶೀಯರ ಸಂಖ್ಯೆ 37 ಲಕ್ಷವನ್ನು ದಾಟಿತ್ತು. ಅವರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಭಾರತೀಯರು. ಟೋಕಿಯೊದ ಎದೊಗವಾ ವಾರ್ಡಿನ ನಿಶಿಕಸಾಯಿ ಎಂಬಲ್ಲಿ ಭಾರತೀಯರ ದೊಡ್ಡ ನೆಲೆಯೇ ಇದೆ. ಮೊದಲು ಹೋದವರು ಹೆಚ್ಚಾಗಿ ಕಂಪ್ಯೂಟರ್ ಎಂಜಿನಿಯರುಗಳು. 2019ರಲ್ಲಿ ಜಪಾನು ಕುಶಲ ಕೆಲಸಗಾರರಿಗೆಂದು ಹೊಸ ವೀಸಾ ವ್ಯವಸ್ಥೆ ತಂದಿತು. 2021ರ ಜನವರಿಯಲ್ಲಿ ಭಾರತ ಅದಕ್ಕೆ ಸಂಬಂಧಿಸಿದ ಒಪ್ಪಂದಕ್ಕೆ ಸಹಿ ಹಾಕಿತು. ಹಾಗಾಗಿ ಈಗ ವೃದ್ಧರ ಆರೈಕೆ, ಹೋಟೆಲು, ಕಾರ್ಖಾನೆ, ಕೃಷಿ ಮುಂತಾದ ಕೆಲಸಗಳಿಗೂ ಹೋಗುವ ದಾರಿ ತೆರೆದಿದೆ. ಈ ಕೆಲಸಗಳಲ್ಲಿ ಕೈ ಸದಾ ನೀರಿನಲ್ಲಿ, ಸೋಪಿನಲ್ಲಿ, ರಬ್ಬರ್ ಕೈಗವಸಿನಲ್ಲಿ ಇರುತ್ತದೆ. ಅದರ ಮೇಲೆ ಟೋಕಿಯೊದ ಚಳಿಗಾಲದ ಒಣಹವೆ. ಹೊಸದಾಗಿ ಹೋದವರಿಗೆ ಚರ್ಮದ ತೊಂದರೆ ಬರುವುದು ಅಪರೂಪವೇನಲ್ಲ.

ಹುಬ್ಬಿಗೆ ಒಂದು ದಿನ

ವೈದ್ಯಕೀಯದಲ್ಲಿ ಭಾಷೆ ಎಷ್ಟು ದೊಡ್ಡ ಗೋಡೆ ಎಂಬುದು ಜಪಾನೀಯರಿಗೆ ಹೊಸತಲ್ಲ. ಈ ಮಾತಿಗೆ ಅವರ ಇತಿಹಾಸದಲ್ಲೇ ಒಂದು ಸ್ವಾರಸ್ಯಕರ ಪ್ರಸಂಗವಿದೆ. 1771ರಲ್ಲಿ ಸುಗಿತಾ ಗೆಂಪಾಕು ಮತ್ತು ಅವರ ಗೆಳೆಯರು, ಇಂದಿನ ಟೋಕಿಯೊ ಆಗಿರುವ ಎದೊ ನಗರದಲ್ಲಿ ಒಂದು ಶವಚ್ಛೇದನವನ್ನು ನೋಡಿದರು. ಕೈಯಲ್ಲಿದ್ದ ಡಚ್ ಭಾಷೆಯ ಅಂಗರಚನಾ ಗ್ರಂಥದ ಚಿತ್ರಗಳು ಕಣ್ಣೆದುರಿನ ದೇಹಕ್ಕೆ ಸರಿಯಾಗಿ ಹೊಂದುವುದನ್ನು ಕಂಡು ಬೆರಗಾದರು. ಆ ಪುಸ್ತಕವನ್ನು ಜಪಾನೀ ಓದುಗರಿಗಾಗಿ ಅನುವಾದಿಸಲೇಬೇಕೆಂದು ನಿಶ್ಚಯಿಸಿದರು. ಆದರೆ ಹೇಳಿಕೊಳ್ಳುವಂಥ ನಿಘಂಟು ಅವರ ಬಳಿ ಇರಲಿಲ್ಲ.

ಕಣ್ಣಿನ ಮೇಲೆ ಬೆಳೆದ ಕೂದಲೇ ಹುಬ್ಬು ಎಂಬ ಒಂದು ಸರಳ ವಾಕ್ಯದ ಅರ್ಥ ಬಿಡಿಸಲು ವಸಂತದ ಒಂದು ಇಡೀ ದಿನ ಹಿಡಿಯಿತು ಎಂದು ಗೆಂಪಾಕು ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಅನುವಾದ ಪ್ರಕಟವಾದದ್ದು 1774ರಲ್ಲಿ; ಅದರ ಹೆಸರು 'ಕೈತಾಯ್ ಶಿನ್ಶೊ'. ನರ ಎಂಬುದಕ್ಕೆ ಜಪಾನೀಯರು ಇಂದಿಗೂ ಬಳಸುವ 'ಶಿನ್‌ಕೆಯ್' ಎಂಬ ಪದ ಹುಟ್ಟಿದ್ದು ಆ ಅನುವಾದದಲ್ಲೇ. ಹುಬ್ಬು ಎಲ್ಲರ ಮುಖದ ಮೇಲೂ ಇದೆ, ಎಲ್ಲರಿಗೂ ಕಾಣುತ್ತದೆ. ಆದರೂ ಅದರ ಮಾತು ದಾಟಿ ಬರಲು ಒಂದು ದಿನ ಬೇಕಾಯಿತು.

ಮುಂದೆ ಮೆಯ್ಜಿ ಸರ್ಕಾರ ಜರ್ಮನ್ ವೈದ್ಯಪದ್ಧತಿಯನ್ನು ಆರಿಸಿಕೊಂಡಿತು. 1871ರಲ್ಲಿ ಇಬ್ಬರು ಜರ್ಮನ್ ಸೇನಾ ವೈದ್ಯರು ಟೋಕಿಯೊಗೆ ಬಂದು ಪಾಠ ಶುರುಮಾಡಿದರು. ಪಾಠ ನಡೆದದ್ದು ಜರ್ಮನ್ ಭಾಷೆಯಲ್ಲೇ. ಅದರ ಗುರುತು ಇನ್ನೂ ಅಳಿಸಿಲ್ಲ. ರೋಗಿಯ ವಿವರ ಬರೆಯುವ ಕಡತವನ್ನು ಅಲ್ಲಿ 'ಕರುತೆ' ಎನ್ನುತ್ತಾರೆ, ಅದು ಜರ್ಮನ್ ಪದ. ನಾವು ಇಂಗ್ಲಿಷಿನವರಂತೆ ಅಲರ್ಜಿ ಎನ್ನುವುದನ್ನು ಅವರು ಜರ್ಮನರಂತೆ 'ಅರೆರುಗೀ' ಎನ್ನುತ್ತಾರೆ. ನೀವು ಅಲರ್ಜಿ ಎಂದಾಗ ಎದುರಿನವರು ಕಣ್ಣರಳಿಸಿ ಸುಮ್ಮನಿದ್ದರೆ, ಪದ ಗೊತ್ತಿಲ್ಲವೆಂದಲ್ಲ, ಉಚ್ಚಾರಣೆ ಬೇರೆ ಎಂದಷ್ಟೇ ತಿಳಿಯಿರಿ.

ಚರ್ಮವೈದ್ಯ ಶಾಸ್ತ್ರವೂ ಮೂಲತಃ ಒಂದು ಭಾಷೆ ಕಟ್ಟಿದ ಕಥೆಯೇ. ಲಂಡನ್ನಿನ ವೈದ್ಯ ರಾಬರ್ಟ್ ವಿಲ್ಲನ್ 1798ರಿಂದ ಭಾಗಭಾಗವಾಗಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಚರ್ಮದ ಮೇಲೆ ಕಾಣುವುದನ್ನೆಲ್ಲ ಎಂಟು ವರ್ಗ ಮಾಡಿದರು. ಗಟ್ಟಿ ಗುಳ್ಳೆ ಬೇರೆ, ನೀರುಗುಳ್ಳೆ ಬೇರೆ, ಕೀವುಗುಳ್ಳೆ ಬೇರೆ, ಹೊಟ್ಟು ಬೇರೆ, ಕಲೆ ಬೇರೆ. ಅದುವರೆಗೆ ಒಬ್ಬ ವೈದ್ಯ ಒಂದನ್ನು ಕರೆದ ಹೆಸರಿನಿಂದ ಇನ್ನೊಬ್ಬ ಮತ್ತೊಂದನ್ನು ಕರೆಯುತ್ತಿದ್ದ. ಜಪಾನಿನಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ದೊಹಿ ಕೆಯ್ಜೊ (1866-1931) ವಿಯೆನ್ನಾದಲ್ಲಿ ಕಲಿತವರು. ರೋಗಪೀಡಿತ ಚರ್ಮದ ಮೇಣದ ಪ್ರತಿಕೃತಿ ಮಾಡುವ ಕಲೆಯನ್ನೂ ಅವರು ಅಲ್ಲಿಂದ ತಂದರು. ಬಣ್ಣದ ಛಾಯಾಚಿತ್ರ ಬಳಕೆಗೆ ಬರುವ ಮೊದಲು ವಿದ್ಯಾರ್ಥಿಗಳು ಕಲಿಯುತ್ತಿದ್ದದ್ದು ಆ ಮೇಣದ ಕೈಕಾಲು ಮುಖಗಳನ್ನು ನೋಡಿ. ಮೇಣದ ಪ್ರತಿಕೃತಿ ಬಣ್ಣವನ್ನು ತೋರಿಸಬಲ್ಲದು, ಆಕಾರವನ್ನು ತೋರಿಸಬಲ್ಲದು. ತುರಿಕೆಯನ್ನು ತೋರಿಸಲಾರದು.

ಹುಳುವಿಲ್ಲದ ಹುಳುಕಡ್ಡಿ

ಇನ್ನು ನಮ್ಮ ಕಡೆಯ ಮಾತಿಗೆ ಬರೋಣ. ಚರ್ಮದ ವಿಷಯದಲ್ಲಿ ಕನ್ನಡ ಬಡ ಭಾಷೆಯಲ್ಲ. ಸಿಬ್ಬು, ಕಜ್ಜಿ, ಇಸುಬು, ಗಜಕರ್ಣ, ಹುಳುಕಡ್ಡಿ, ತೊನ್ನು, ಸರ್ಪಸುತ್ತು, ಬೆವರುಸಾಲೆ, ಪಿತ್ತದ ಗಂಧೆ, ನರಹುಲಿ, ಆಣಿ, ಕುರು, ಬೊಕ್ಕೆ. ಒಬ್ಬ ಹಳ್ಳಿಯ ಅಜ್ಜಿಗೆ ಇವುಗಳ ವ್ಯತ್ಯಾಸ ನಿಖರವಾಗಿ ಗೊತ್ತಿರುತ್ತದೆ. ತೊಂದರೆ ಇರುವುದು ಬೇರೆಡೆ. ಈ ಹೆಸರುಗಳಲ್ಲಿ ರೋಗದ ಜೊತೆಗೆ ರೋಗದ ಕಾರಣದ ಬಗೆಗಿನ ನಮ್ಮ ಕಲ್ಪನೆಯೂ ಸೇರಿಕೊಂಡಿದೆ.

ಹುಳುಕಡ್ಡಿಯಲ್ಲಿ ಹುಳುವಿಲ್ಲ; ಅದೊಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯದು. ಆದರೆ ನಾವೊಬ್ಬರೇ ಹುಳುವನ್ನು ದೂರಿದವರಲ್ಲ. ಇಂಗ್ಲಿಷಿನವರು ಅದನ್ನು ಉಂಗುರದ ಹುಳು ಎಂದರು. ಜಪಾನೀಯರು ಕಾಲ್ಬೆರಳ ಸಂದಿಯ ಅದೇ ಬಗೆಯ ಸೋಂಕನ್ನು 'ಮಿಜುಮುಶಿ' ಎಂದರು, ನೀರಿನ ಹುಳು ಎಂದು ಅರ್ಥ. ಮೂರು ದೇಶದವರೂ ಸೇರಿ ಇಲ್ಲದ ಹುಳುವಿನ ಮೇಲೆ ತಪ್ಪು ಹೊರಿಸಿದ್ದಾರೆ.

ಈ ಹೋಲಿಕೆ ನಗು ತರಿಸುವಂಥದ್ದು. ಹೋಲಿಕೆ ಇಲ್ಲದ ಕಡೆ ಮಾತ್ರ ಪೇಚಾಟ. 'ಮೈ ಉಷ್ಣ ಆಗಿದೆ, ಅದಕ್ಕೇ ಗುಳ್ಳೆ' ಎಂದು ನಾವು ಹೇಳುತ್ತೇವೆ. ಅದನ್ನು ಜಪಾನೀ ಭಾಷೆಗೆ ತಿರುಗಿಸಿದರೆ 'ನೆತ್ಸು' ಎಂಬ ಪದ ಬರುತ್ತದೆ. ಅವರಿಗೆ ಅದು ಜ್ವರ. ಕೂಡಲೇ ನಿಮ್ಮ ಕೈಗೆ ಥರ್ಮಾಮೀಟರ್ ಬರುತ್ತದೆ. ಜ್ವರದೊಂದಿಗೆ ಗುಳ್ಳೆ ಎದ್ದಿದೆ ಎಂದಾದರೆ ವೈದ್ಯರ ವಿಚಾರವೇ ಬೇರೆ ದಿಕ್ಕಿಗೆ ಹೋಗುತ್ತದೆ. 'ಪಿತ್ತದ ಗಂಧೆ' ಎಂಬುದನ್ನು ಪದಶಃ ಹೇಳಿದರೆ ಪಿತ್ತಕೋಶದ ಕಾಯಿಲೆಯಂತೆ ಕೇಳಿಸೀತು. 'ಬದನೆಕಾಯಿ ತಿಂದೆ, ನಂಜಾಯಿತು' ಎಂದರೆ ವಿಷವಾಯಿತು ಎಂದಾದೀತು. ಇನ್ನು 'ಅಮ್ಮ ಬಂದಿದ್ದಾಳೆ' ಎಂಬುದರ ಅನುವಾದವನ್ನು ನೀವೇ ಊಹಿಸಿಕೊಳ್ಳಿ.

ಆದುದರಿಂದ ಮೊದಲ ಪಾಠ ಇದು. ರೋಗದ ಹೆಸರನ್ನಾಗಲಿ ಕಾರಣವನ್ನಾಗಲಿ ಅನುವಾದಿಸಲು ಹೋಗಬೇಡಿ. ಆದದ್ದನ್ನು ಮಾತ್ರ ಹೇಳಿ. 'ಮೂರು ದಿನದ ಹಿಂದೆ ಬೆನ್ನಿನ ಮೇಲೆ ದದ್ದು ಎದ್ದಿತು, ಎರಡು ಗಂಟೆಯಲ್ಲಿ ಇಳಿಯಿತು, ಮತ್ತೆ ತೊಡೆಯ ಮೇಲೆ ಎದ್ದಿತು' ಎಂಬ ವಾಕ್ಯ ಯಾವ ಭಾಷೆಗೆ ಹೋದರೂ ಕೆಡುವುದಿಲ್ಲ. ಪಿತ್ತದ ಗಂಧೆ ಎಂದು ನೀವು ಹೇಳದಿದ್ದರೂ ವೈದ್ಯರಿಗೆ ಅರ್ಥವಾಗುತ್ತದೆ.

ಚುರುಚುರು ಮತ್ತು ಹಿರಿಹಿರಿ

ಭಾಷೆ ಬೇರೆಯಾದರೂ ಒಂದು ವಿಷಯದಲ್ಲಿ ಜಪಾನೀಯರೂ ಕನ್ನಡಿಗರೂ ಹತ್ತಿರದವರು. ನೋವನ್ನೂ ನವೆಯನ್ನೂ ಇಬ್ಬರೂ ಜೋಡಿಪದಗಳಲ್ಲಿ ಹೇಳುತ್ತಾರೆ. ಗಾಯಕ್ಕೆ ಉಪ್ಪುನೀರು ತಾಗಿದರೆ ನಮಗೆ ಚುರುಚುರು. ಕಾಲು ಮರಗಟ್ಟಿ ಬಿಡುವಾಗ ಜುಮುಜುಮು. ಮುಟ್ಟಿದರೆ ರವೆಯಂತಿದ್ದರೆ ತರಿತರಿ. ಇವನ್ನು ಇಂಗ್ಲಿಷಿಗೆ ಹಾಕಲು ಹೋದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಜಪಾನೀ ಭಾಷೆಯಲ್ಲಿ ಹಾಗಲ್ಲ; ಅಲ್ಲಿ ಇವಕ್ಕೆ ಸರಿಸಮನಾದ ಪದಗಳೇ ಇವೆ, ವೈದ್ಯರೂ ಅವುಗಳಲ್ಲೇ ಕೇಳುತ್ತಾರೆ.

ಕೆಲವನ್ನು ಬರೆದುಕೊಳ್ಳಿ. 'ಕಯುಯಿ' ಎಂದರೆ ತುರಿಕೆ ಇದೆ, 'ಇತಾಯಿ' ಎಂದರೆ ನೋಯುತ್ತದೆ. ಇವು ಮೊದಲ ಎರಡು. ನಮ್ಮ ಚುರುಚುರುವಿಗೆ ಹತ್ತಿರದ್ದು 'ಹಿರಿಹಿರಿ'. ಸೂಜಿಯಿಂದ ಚುಚ್ಚಿದಂತಾದರೆ 'ಚಿಕುಚಿಕು'. ಹುಳು ಹರಿದಾಡಿದಂತಹ ನವೆಗೆ 'ಮುಜುಮುಜು'. ಇದು ನಮ್ಮ ಜುಮುಜುಮುವನ್ನು ತಿರುಗಿಸಿಟ್ಟ ಹಾಗೆ ಕೇಳಿಸಿದರೂ ಅರ್ಥ ಬೇರೆ, ಎಚ್ಚರಿಕೆ. ವಿದ್ಯುತ್ ತಾಗಿದಂತಿದ್ದರೆ 'ಪಿರಿಪಿರಿ'. ಚರ್ಮ ಒಣಗಿ ಹೊಟ್ಟು ಏಳುತ್ತಿದ್ದರೆ 'ಕಸಕಸ'. ಒಸರುತ್ತಿದ್ದರೆ 'ಜುಕುಜುಕು'. ಸಣ್ಣ ಗುಳ್ಳೆಗಳಿದ್ದರೆ 'ಬುತ್ಸುಬುತ್ಸು'. ವ್ಯಾಕರಣ ಬಾರದಿದ್ದರೂ ಈ ಏಳೆಂಟು ಪದಗಳೊಂದಿಗೆ ಜಾಗ ತೋರಿಸಿದರೆ ಅರ್ಧ ಕೆಲಸ ಆದಂತೆಯೇ.

ಇದು ಪದಗಳ ಚಮತ್ಕಾರವಷ್ಟೇ ಅಲ್ಲ. ಸರ್ಪಸುತ್ತನ್ನೇ ತೆಗೆದುಕೊಳ್ಳಿ. ಗುಳ್ಳೆ ಏಳುವುದಕ್ಕೆ ಕೆಲವು ದಿನ ಮೊದಲೇ ದೇಹದ ಒಂದೇ ಪಕ್ಕದಲ್ಲಿ, ಒಂದು ಪಟ್ಟಿಯಂತೆ, ಉರಿಯೋ ಸೆಳೆತವೋ ಶುರುವಾಗುತ್ತದೆ. ಆಗ ಚರ್ಮದ ಮೇಲೆ ಏನೂ ಇರುವುದಿಲ್ಲ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರೋಧಿ ಮಾತ್ರೆ ಶುರುವಾದರೆ ಹೆಚ್ಚು ಪ್ರಯೋಜನ. 'ಬಲಗಡೆ ಮಾತ್ರ, ಪಿರಿಪಿರಿ, ಎರಡು ದಿನದಿಂದ' ಎಂದು ಹೇಳಬಲ್ಲವನಿಗೂ 'ನೋವು' ಎಂದಷ್ಟೇ ಹೇಳಿ ಸುಮ್ಮನಾಗುವವನಿಗೂ ನಡುವೆ ತಿಂಗಳುಗಟ್ಟಲೆ ಉಳಿಯಬಹುದಾದ ನರನೋವಿನ ಅಂತರವಿದೆ.

ಬಣ್ಣದ ಭಾಷೆ

ಕಾಣುವುದನ್ನಾದರೂ ಎಲ್ಲ ವೈದ್ಯರೂ ಒಂದೇ ರೀತಿ ಕಾಣುತ್ತಾರೆಯೇ? ಇಲ್ಲಿಯೂ ಒಂದು ತೊಡಕಿದೆ. ಚರ್ಮರೋಗದ ಪಠ್ಯಪುಸ್ತಕಗಳು ಹುಟ್ಟಿದ್ದು ಯುರೋಪಿನಲ್ಲಿ. ಉರಿಯೂತ ಎಂದರೆ ಕೆಂಪು ಎಂದು ಅವು ಕಲಿಸಿದವು. ಬಿಳಿಯ ಚರ್ಮದ ಮೇಲೆ ಅದು ಕೆಂಪು ನಿಜ. ನಮ್ಮ ಕಂದು, ಕಪ್ಪು ಮೈಬಣ್ಣದ ಮೇಲೆ ಅದೇ ಉರಿಯೂತ ನೇರಳೆಯಾಗಿಯೋ ಕಡುಕಂದಾಗಿಯೋ ಬೂದಾಗಿಯೋ ಕಾಣಬಹುದು. ಅಮೆರಿಕದ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಬಿಸಿಲಿಗೆ ಚರ್ಮ ಹೇಗೆ ಸುಡುತ್ತದೆ ಎಂಬುದರ ಮೇಲೆ ಮಾಡಿದ ಪ್ರಸಿದ್ಧ ವರ್ಗೀಕರಣದಲ್ಲಿ ಮೊದಲು ಇದ್ದದ್ದು ಬಿಳಿಯ ಚರ್ಮದ ಬಗೆಗಳೇ. ಕಂದು ಮತ್ತು ಕಪ್ಪು ಚರ್ಮದ ವರ್ಗಗಳು ಅನಂತರ ಸೇರಿದವು. 2020ರಲ್ಲಿ ಲಂಡನ್ನಿನ ವೈದ್ಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ತಮ್ಮ ಅಧ್ಯಾಪಕರೊಂದಿಗೆ ಸೇರಿ, ಕಪ್ಪು ಮತ್ತು ಕಂದು ಚರ್ಮದ ಮೇಲೆ ರೋಗಲಕ್ಷಣಗಳು ಹೇಗೆ ಕಾಣುತ್ತವೆ ಎಂದು ತೋರಿಸುವ ಕೈಪಿಡಿಯನ್ನು ಪ್ರಕಟಿಸಿದರು. ಅದಕ್ಕೆ ಅಷ್ಟು ಗಮನ ದೊರೆಯಿತೆಂದರೆ ಕೊರತೆ ಎಷ್ಟಿತ್ತು ಎಂದು ಊಹಿಸಬಹುದು.

ಜಪಾನಿನ ವೈದ್ಯರು ದಿನವೂ ನೋಡುವುದು ಹೆಚ್ಚಾಗಿ ತಿಳಿಬಣ್ಣದ ಚರ್ಮವನ್ನು. ಆದ್ದರಿಂದ 'ಇದು ನನ್ನ ಸಹಜ ಬಣ್ಣ, ಇದು ಹೊಸದಾಗಿ ಕಪ್ಪಾದದ್ದು' ಎಂದು ನೀವೇ ತೋರಿಸಬೇಕಾಗುತ್ತದೆ. ಕಾಯಿಲೆ ಬರುವ ಮೊದಲಿನ ಒಂದು ಫೋಟೊ, ಕಾಯಿಲೆ ಶುರುವಾದ ದಿನದ ಒಂದು ಫೋಟೊ ಫೋನಿನಲ್ಲಿದ್ದರೆ ಹತ್ತು ವಾಕ್ಯಗಳ ಕೆಲಸ ಮಾಡುತ್ತದೆ. ಮೈಯ ಇನ್ನೊಂದು ಪಕ್ಕದ ಅದೇ ಭಾಗವನ್ನು ತೋರಿಸುವುದೂ ಒಳ್ಳೆಯ ಉಪಾಯ. ಎಡ ಮೊಣಕೈಯನ್ನೂ ಬಲ ಮೊಣಕೈಯನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನೇ ಹೇಳುತ್ತದೆ.

ಮುಲಾಮಿನ ಜಾತಕ

ಈಗ ನಾನು ಹೇಳಹೊರಟಿರುವುದು ಈ ಮಾತಿನ ಮುಖ್ಯ ಭಾಗ. ನಮ್ಮ ದೇಶದಲ್ಲಿ ತುರಿಕೆ ಬಂದರೆ ಮೊದಲು ಹೋಗುವುದು ವೈದ್ಯರ ಬಳಿಗಲ್ಲ, ಔಷಧಿ ಅಂಗಡಿಗೆ. ಅಂಗಡಿಯವರು ಕೊಡುವ ಟ್ಯೂಬಿನಲ್ಲಿ ಅನೇಕ ವೇಳೆ ಮೂರು ಔಷಧಿಗಳು ಬೆರೆತಿರುತ್ತವೆ. ಒಂದು ಶಿಲೀಂಧ್ರಕ್ಕೆ, ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಪ್ರಬಲವಾದ ಸ್ಟೀರಾಯ್ಡ್. ಸ್ಟೀರಾಯ್ಡ್ ಎರಡು ದಿನದಲ್ಲಿ ತುರಿಕೆಯನ್ನು ಇಳಿಸುತ್ತದೆ, ಉಂಗುರದಂತಿದ್ದ ಅಂಚನ್ನು ಅಳಿಸುತ್ತದೆ. ಆದರೆ ದೇಹದ ಪ್ರತಿರೋಧ ಕುಗ್ಗುವುದರಿಂದ ಶಿಲೀಂಧ್ರ ನೆಮ್ಮದಿಯಾಗಿ ಹಬ್ಬುತ್ತದೆ. ಇದಕ್ಕೆ ವೈದ್ಯಕೀಯದಲ್ಲಿ ವೇಷ ಮರೆಸಿಕೊಂಡ ಹುಳುಕಡ್ಡಿ ಎಂಬರ್ಥದ ಹೆಸರೇ ಇದೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಇರುವ 14 ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಹಾಗಿದ್ದರೂ ಊರಿಂದ ಹೊರಡುವಾಗ ಪೆಟ್ಟಿಗೆಯಲ್ಲಿ ಎರಡು ಟ್ಯೂಬು ಇಟ್ಟುಕೊಳ್ಳುವ ಅಭ್ಯಾಸ ಹೋಗಿಲ್ಲ.

ಇದರ ಪರಿಣಾಮ ಎಲ್ಲಿಗೆ ಮುಟ್ಟಿತು ನೋಡಿ. 2020ರಲ್ಲಿ ಜಪಾನಿನ ಸಂಶೋಧಕರು ಹುಳುಕಡ್ಡಿಯ ಶಿಲೀಂಧ್ರದ ಹೊಸ ಪ್ರಭೇದವೊಂದನ್ನು ವರ್ಣಿಸಿ, ಅದಕ್ಕೆ 'ಟ್ರೈಕೋಫೈಟಾನ್ ಇಂಡೊಟೀನಿಯೆ' ಎಂದು ಹೆಸರಿಟ್ಟರು. ಜಗತ್ತಿನಾದ್ಯಂತ ಹುಳುಕಡ್ಡಿಗೆ ಬಳಸುವ ಟರ್ಬಿನಾಫಿನ್ ಎಂಬ ಔಷಧಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಅವರು ಪರೀಕ್ಷಿಸಿದ ಮಾದರಿಗಳು ಬಂದದ್ದು ಜಪಾನಿನಲ್ಲಿ ಚಿಕಿತ್ಸೆಗೆ ಬಂದಿದ್ದ ಭಾರತೀಯ ಮತ್ತು ನೇಪಾಳಿ ರೋಗಿಗಳ ಚರ್ಮದಿಂದ. ಅಂದರೆ ನಿಮ್ಮಂತೆಯೇ ಊರು ಬಿಟ್ಟು ಹೋದವರು ಅಲ್ಲಿಯ ಚರ್ಮವೈದ್ಯರ ಮುಂದೆ ಕುಳಿತದ್ದರಿಂದ ಒಂದು ಹೊಸ ಜೀವಿಗೆ ಹೆಸರು ಬಂತು. ಆ ಪ್ರಭೇದ ಈಗ ಅನೇಕ ದೇಶಗಳಲ್ಲಿ ಪತ್ತೆಯಾಗಿದೆ. ಔಷಧಿಯ ದುರ್ಬಳಕೆ ಇದರ ಹರಡುವಿಕೆಗೆ ದಾರಿ ಮಾಡಿತೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ.

ಜಪಾನಿನ ಚರ್ಮ ಚಿಕಿತ್ಸಾಲಯದಲ್ಲಿ ಹುಳುಕಡ್ಡಿಯ ಅನುಮಾನ ಬಂದರೆ ಚರ್ಮದ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಿಮಿಷಗಳಲ್ಲಿ ಉತ್ತರ ಸಿಗುತ್ತದೆ. ಆದರೆ ಹಿಂದಿನ ದಿನವಷ್ಟೇ ನೀವು ಶಿಲೀಂಧ್ರದ ಮುಲಾಮು ಹಚ್ಚಿಕೊಂಡಿದ್ದರೆ ಇದ್ದ ಶಿಲೀಂಧ್ರವೂ ಕಾಣದೆ ಹೋಗಬಹುದು. ಇಲ್ಲವೆಂದುಕೊಂಡು ವೈದ್ಯರು ಸ್ಟೀರಾಯ್ಡ್ ಬರೆದರೆ, ಬೆಂಕಿಗೆ ತುಪ್ಪ ಹೊಯ್ದಂತೆಯೇ. ಆದುದರಿಂದ ಹಚ್ಚಿಕೊಂಡ ಟ್ಯೂಬನ್ನೇ ಕಿಸೆಯಲ್ಲಿಟ್ಟುಕೊಂಡು ಹೋಗಿ. ಖಾಲಿಯಾಗಿದ್ದರೂ ಸರಿ. ಅದರ ಮೇಲಿನ ಔಷಧಿಯ ಹೆಸರು ಇಂಗ್ಲಿಷಿನಲ್ಲಿರುತ್ತದೆ, ವೈದ್ಯರು ಓದಿಕೊಳ್ಳುತ್ತಾರೆ. 'ಊರಿನ ಮುಲಾಮು ಹಚ್ಚಿದೆ ಎಂದರೆ ಬೈಯ್ಯುತ್ತಾರೆ' ಎಂದು ಮುಚ್ಚಿಡುವುದು ಬೇಡ.

ಮಾತಾಡದ ಮಚ್ಚೆ

ತುರಿಸುವ ರೋಗ ತಾನಾಗಿ ವೈದ್ಯರ ಬಳಿ ಎಳೆದೊಯ್ಯುತ್ತದೆ. ತುರಿಸದ, ನೋಯದ ಮಚ್ಚೆಯ ಬಗ್ಗೆ ಎರಡು ಮಾತು ಹೇಳಬೇಕು. ಬಣ್ಣ ಮಾಸಿದ ಮಚ್ಚೆ, ಅದರ ಮೇಲೆ ಸ್ಪರ್ಶವಿಲ್ಲ ಎಂದರೆ ನಮ್ಮಲ್ಲಿ ಆರೋಗ್ಯ ಕಾರ್ಯಕರ್ತೆಯರಿಗೂ ಅದರ ಸೂಚನೆ ಗೊತ್ತು: ಕುಷ್ಠ ಇರಬಹುದು. ಭಾರತ 2005ರ ಕೊನೆಗೆ ರಾಷ್ಟ್ರಮಟ್ಟದಲ್ಲಿ ನಿರ್ಮೂಲನದ ಗುರಿ ಮುಟ್ಟಿತಾದರೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಲ್ಲಿಯವರೇ. ಜಪಾನಿನಲ್ಲಾದರೋ ಹೊಸ ರೋಗಿಗಳು ವರ್ಷಕ್ಕೆ ಬೆರಳೆಣಿಕೆಯಷ್ಟು, ಅವರಲ್ಲಿ ಹೆಚ್ಚಿನವರು ಹೊರದೇಶದಿಂದ ಬಂದವರು. ಎಂದರೆ ಅಲ್ಲಿಯ ಯುವ ವೈದ್ಯರು ತಮ್ಮ ವೃತ್ತಿಯಲ್ಲಿ ಒಂದನ್ನೂ ಕಂಡಿರಲಾರರು.

ಮಚ್ಚೆ ಅವರಿಗೆ ಕಾಣುತ್ತದೆ. ಅದರ ಮೇಲೆ ಸ್ಪರ್ಶವಿಲ್ಲದ್ದು ಕಾಣುವುದಿಲ್ಲ. ಅದನ್ನು ನೀವು ಹೇಳಬೇಕು. ಜೋಮು ಹಿಡಿದಂತಿದೆ ಎಂಬುದಕ್ಕೆ ಜಪಾನೀ ಪದ 'ಶಿಬಿರೆ'. ಈ ಒಂದು ಪದ ಬಾರದೆ ಮಚ್ಚೆಗೆ ಮುಲಾಮು ಹಚ್ಚಿಕೊಂಡೇ ವರ್ಷ ಕಳೆದರೆ, ಅಷ್ಟರಲ್ಲಿ ಕೈಕಾಲಿನ ನರಕ್ಕೆ ಹಾನಿಯಾಗಿರಬಹುದು. ಬೇಗ ಗೊತ್ತಾದರೆ ಮಾತ್ರೆಗಳಿಂದ ಪೂರ್ಣ ಗುಣವಾಗುವ ರೋಗವಿದು. ಜಪಾನಿಗೆ ಈ ರೋಗದ ವಿಷಯದಲ್ಲಿ ನೋವಿನ ಇತಿಹಾಸವಿದೆ. ರೋಗಿಗಳನ್ನು ಬಲವಂತವಾಗಿ ದೂರವಿಡುತ್ತಿದ್ದ ಕಾನೂನು ರದ್ದಾದದ್ದು 1996ರಲ್ಲಿ. ಆ ನೀತಿ ಸಂವಿಧಾನಬಾಹಿರವಾಗಿತ್ತೆಂದು ಕುಮಮೊತೊ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟದ್ದು 2001ರಲ್ಲಿ. ಇಂದು ಅಲ್ಲಿ ಯಾರನ್ನೂ ಹಾಗೆ ಕೂಡಿಹಾಕುವ ಕಾನೂನಿಲ್ಲ. ಭಯದಿಂದ ಮಾತು ನುಂಗಿಕೊಳ್ಳುವ ಕಾರಣವೂ ಇಲ್ಲ.

ಹೂಂ ಮತ್ತು ಹೈ

ಇನ್ನು ಚಿಕಿತ್ಸಾಲಯದ ಬಾಗಿಲಿಗೆ ಬರೋಣ. ಚರ್ಮ ವಿಭಾಗವನ್ನು 'ಹಿಫುಕಾ' ಎನ್ನುತ್ತಾರೆ. ಜಪಾನಿನಲ್ಲಿ 1961ರಿಂದ ಎಲ್ಲರಿಗೂ ಆರೋಗ್ಯ ವಿಮೆ ಇದೆ. ಮೂರು ತಿಂಗಳಿಗೂ ಮೀರಿ ನೆಲೆಸುವ ವಿದೇಶೀಯರೂ ಸಾಮಾನ್ಯವಾಗಿ ಅದಕ್ಕೆ ಸೇರಬೇಕು. ವಿಮೆಗೊಳಪಡುವ ಚಿಕಿತ್ಸೆಯ ವೆಚ್ಚದಲ್ಲಿ ನಿಮ್ಮ ವಯಸ್ಸಿನವರು ಕೊಡಬೇಕಾದದ್ದು ಶೇಕಡಾ 30. ಹಳೆಯ ವಿಮಾ ಕಾರ್ಡುಗಳ ಹೊಸ ವಿತರಣೆ 2024ರ ಡಿಸೆಂಬರ್ 2ರಿಂದ ನಿಂತಿದ್ದು, 'ಮೈ ನಂಬರ್' ಗುರುತಿನ ಕಾರ್ಡಿಗೇ ವಿಮೆಯನ್ನು ಜೋಡಿಸುವ ವ್ಯವಸ್ಥೆ ಬಂದಿದೆ. ಸಣ್ಣ ಚಿಕಿತ್ಸಾಲಯಕ್ಕೆ ಯಾರ ಪತ್ರವೂ ಬೇಡ. ದೊಡ್ಡ ಆಸ್ಪತ್ರೆಗೆ ಪರಿಚಯ ಪತ್ರವಿಲ್ಲದೆ ನೇರ ಹೋದರೆ, 2022ರ ಅಕ್ಟೋಬರಿನಿಂದ ಮೊದಲ ಭೇಟಿಗೆ ಕನಿಷ್ಠ 7,000 ಯೆನ್ ಹೆಚ್ಚುವರಿ ತೆರಬೇಕು. ಆದ್ದರಿಂದ ಮೊದಲು ಮನೆಯ ಹತ್ತಿರದ ಹಿಫುಕಾಕ್ಕೆ ಹೋಗುವುದೇ ಜಾಣತನ.

ಒಳಗೆ ಹೋದೊಡನೆ 'ಮೊನ್ಶಿನ್‌ಹ್ಯೊ' ಎಂಬ ಪ್ರಶ್ನೆಗಳ ಹಾಳೆ ಕೈಗೆ ಬರುತ್ತದೆ. ಎಂದಿನಿಂದ, ಎಲ್ಲಿ, ಅಲರ್ಜಿ ಉಂಟೇ, ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದೀರಾ, ಗರ್ಭಿಣಿಯೇ ಎಂದು ಅದು ಕೇಳುತ್ತದೆ. ಬಹುಭಾಷೆಯ ಹಾಳೆಗಳನ್ನು ಅಲ್ಲಿನ ಕೆಲವು ಸಂಸ್ಥೆಗಳು ಸಿದ್ಧಪಡಿಸಿವೆ. ಇಂಗ್ಲಿಷಿನದು ಸುಲಭವಾಗಿ ದೊರೆಯುತ್ತದೆ. ಟೋಕಿಯೊದಲ್ಲಿ 1991ರಲ್ಲಿ ಶುರುವಾದ ಆಮ್ಡಾ ಅಂತಾರಾಷ್ಟ್ರೀಯ ವೈದ್ಯಕೀಯ ಮಾಹಿತಿ ಕೇಂದ್ರ ವಿದೇಶೀಯರಿಗೆ ದೂರವಾಣಿಯಲ್ಲಿ ನೆರವಾಗುತ್ತ ಬಂದಿದೆ. ಕನ್ನಡವನ್ನು ಮಾತ್ರ ಇಂಥಲ್ಲಿ ನಿರೀಕ್ಷಿಸುವಂತಿಲ್ಲ. ಬಹುಪಾಲು ನಿಮಗೂ ವೈದ್ಯರಿಗೂ ನಡುವೆ ಇರುವುದು ಇಬ್ಬರಿಗೂ ಎರವಲಾದ ಇಂಗ್ಲಿಷ್. ಹಾಗಾಗಿ ಮಾತಿಗಿಂತ ಬರಹ ಮೇಲು. ಕಿವಿಗೆ ತಪ್ಪಿದ ಇಂಗ್ಲಿಷ್ ಕಣ್ಣಿಗೆ ಸಿಗುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಒಂದು ಚಿಕ್ಕ ಶಬ್ದದ ವಿಷಯದಲ್ಲಿ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು. ಇಲ್ಲದಿದ್ದರೆ ಕಥೆ ಮುಂದೆ ಸಾಗುವುದಿಲ್ಲ. ಆ ಹೂಂ ಎಂದರೆ ಒಪ್ಪಿದೆ ಎಂದಲ್ಲ, ತಿಳಿಯಿತು ಎಂದೂ ಅಲ್ಲ, ಕೇಳುತ್ತಿದ್ದೇನೆ ಎಂದಷ್ಟೆ. ಜಪಾನೀಯರ 'ಹೈ' ಕೂಡ ಅನೇಕ ವೇಳೆ ಅಷ್ಟೇ. ವೈದ್ಯರು 'ಹೈ, ಹೈ' ಎನ್ನುತ್ತಾರೆ, ನಾವು 'ಹೂಂ, ಹೂಂ' ಎಂದು ತಲೆಯನ್ನು ಅತ್ತಿತ್ತ ಆಡಿಸುತ್ತೇವೆ. ಆ ತಲೆಯಾಡಿಕೆ ಹೌದೆಂದೋ ಅಲ್ಲವೆಂದೋ ಅವರಿಗೆ ತಿಳಿಯುವುದಿಲ್ಲ. ಇಬ್ಬರೂ ಇನ್ನೊಬ್ಬರಿಗೆ ಅರ್ಥವಾಯಿತು ಎಂದುಕೊಂಡು ಏಳುತ್ತಾರೆ. ಇದಕ್ಕೆ ಮದ್ದು ಒಂದೇ. ಏಳುವ ಮೊದಲು ನೀವು ತಿಳಿದುಕೊಂಡದ್ದನ್ನು ನಿಮ್ಮ ಬಾಯಲ್ಲಿ ತಿರುಗಿ ಹೇಳಿ: ಈ ಮುಲಾಮು ಮುಖಕ್ಕೆ, ಇದು ಕೈಗೆ, ದಿನಕ್ಕೆ ಎರಡು ಸಲ, ಏಳು ದಿನ.

ಮುಲಾಮುಗಳ ಪ್ರಮಾಣವೂ ಮಾತಿನಲ್ಲಿ ಕಳೆದುಹೋಗುವ ಸಂಗತಿ. ಜಪಾನಿನಲ್ಲಿ ಸ್ಟೀರಾಯ್ಡ್ ಮುಲಾಮುಗಳನ್ನು ಬಲಕ್ಕೆ ತಕ್ಕಂತೆ ಐದು ದರ್ಜೆ ಮಾಡಿದ್ದಾರೆ. ಕೈಗೆ ಕೊಟ್ಟದ್ದನ್ನು ಮುಖಕ್ಕೆ ಹಚ್ಚುವುದು ಅಪಾಯ. 'ಸ್ವಲ್ಪ ಹಚ್ಚಿ' ಎಂದರೆ ಎಷ್ಟು? ಇದಕ್ಕೆ 1991ರಲ್ಲಿ ಬ್ರಿಟನ್ನಿನ ವೈದ್ಯರು ಒಂದು ಬೆರಳಿನ ಅಳತೆ ಸೂಚಿಸಿದರು. 5 ಮಿಲಿಮೀಟರ್ ಬಾಯಿಯ ಟ್ಯೂಬಿನಿಂದ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ವಯಸ್ಕರ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಜಪಾನಿನ 5 ಗ್ರಾಂ ಟ್ಯೂಬುಗಳ ಬಾಯಿ ಇನ್ನೂ ಕಿರಿದು, ಆದ್ದರಿಂದ ಅಲ್ಲಿ ಅದೇ ಗೆರೆ ಕಡಿಮೆ ತೂಗುತ್ತದೆ. ಬೆರಳು ತೋರಿಸಿ ಕೇಳಿದರೆ ಭಾಷೆಯೇ ಬೇಡ. ವೈದ್ಯರ ಚೀಟಿ ಬರೆದ ದಿನವೂ ಸೇರಿ ನಾಲ್ಕು ದಿನ ಮಾತ್ರ ಊರ್ಜಿತ ಎಂಬುದನ್ನೂ ಮರೆಯಬೇಡಿ.

ಮಕ್ಕಳನ್ನು ದುಭಾಷಿ ಮಾಡಬೇಡಿ. ಸಂಸಾರ ಸಮೇತ ಹೋದವರಲ್ಲಿ ಮಕ್ಕಳೇ ಬೇಗ ಭಾಷೆ ಕಲಿಯುತ್ತಾರೆ ನಿಜ. ಆದರೆ ತಾಯಿಯ ಗುಪ್ತಾಂಗದ ತುರಿಕೆಯನ್ನು ಹತ್ತು ವರ್ಷದ ಮಗನ ಬಾಯಿಂದ ಹೇಳಿಸಲಾಗುವುದಿಲ್ಲ. ಆಕೆ ಹೇಳದೆ ಉಳಿಯುತ್ತಾಳೆ, ಅಥವಾ ಅವನು ಹೇಳದೆ ಬಿಡುತ್ತಾನೆ. ಕಂಪೆನಿಯ ಮೇಲಧಿಕಾರಿಯನ್ನು ಕರೆದೊಯ್ದರೂ ಇದೇ ಕಥೆ. ಫೋನಿನ ಅನುವಾದಕ್ಕೆ ಕನ್ನಡ ಬರುತ್ತದೆ, ಆದರೆ ಉಷ್ಣ, ನಂಜುಗಳ ಒಳಾರ್ಥ ಅದಕ್ಕೆ ಬರುತ್ತದೆಂದು ನಂಬಬೇಡಿ. ಚಿಕ್ಕ ವಾಕ್ಯ ಹಾಕಿ, ಬಂದ ಜಪಾನೀ ವಾಕ್ಯವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ. ಎರಡೂ ಒಂದೇ ಆದರೆ ತೋರಿಸಿ.

ನಾಲ್ಕು ಸಾಲಿನ ಚೀಟಿ

ಇಷ್ಟೆಲ್ಲ ನೆನಪಿಡುವುದು ಕಷ್ಟ. ಹೊರಡುವ ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಎಂದು, ಎಲ್ಲಿ ಶುರುವಾಯಿತು. ಹೇಗನ್ನಿಸುತ್ತದೆ: ತುರಿಕೆಯೋ, ಉರಿಯೋ, ನೋವೋ, ಸ್ಪರ್ಶವೇ ಇಲ್ಲವೋ. ಏನು ಹಚ್ಚಿದೆ, ಏನು ನುಂಗಿದೆ. ಯಾವುದು ನನಗೆ ಆಗುವುದಿಲ್ಲ. ಈ ನಾಲ್ಕನ್ನು ಸರಳ ಇಂಗ್ಲಿಷಿನಲ್ಲಿ ಬರೆದರೂ ಸಾಕು. ಜಪಾನಿನ 1948ರ ವೈದ್ಯರ ಕಾನೂನಿನ 19ನೇ ವಿಧಿ, ಸಕಾರಣವಿಲ್ಲದೆ ವೈದ್ಯರು ರೋಗಿಯನ್ನು ನಿರಾಕರಿಸಕೂಡದು ಎನ್ನುತ್ತದೆ. ನಿಮ್ಮ ಚೀಟಿ ಅವರ ಕೆಲಸವನ್ನು ಸುಲಭ ಮಾಡುತ್ತದೆ.

ನೀವು ವಿಮಾನ ಹತ್ತುವ ಈ ಬೆಂಗಳೂರಿಗೆ ನೇಪಾಳದಿಂದ, ಅಸ್ಸಾಮಿನಿಂದ, ಒಡಿಶಾದಿಂದ ಕೆಲಸಕ್ಕೆ ಬಂದವರೂ ನಮ್ಮ ಸರ್ಕಾರಿ ಆಸ್ಪತ್ರೆಗಳ ಚರ್ಮ ವಿಭಾಗದ ಸಾಲಿನಲ್ಲಿ ನಿಂತಿರುತ್ತಾರೆ. ಸಿಮೆಂಟಿನಿಂದ ಕೈ ಒಡೆದ ಗಾರೆ ಕೆಲಸದವರು, ಪಾತ್ರೆ ತೊಳೆದು ಬೆರಳು ಬಿರಿದ ಹೋಟೆಲಿನ ಹುಡುಗರು ಅಂಗಿಯ ತೋಳು ಮೇಲೇರಿಸಿ ತೋರಿಸುತ್ತಾರೆ, ಎರಡು ನಿಮಿಷದಲ್ಲಿ ಚೀಟಿ ಹಿಡಿದು ಹೊರಬರುತ್ತಾರೆ. ಅವರ ಚುರುಚುರುವಿಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೋ ನಾವು ಕೇಳಿಲ್ಲ. ಹೊರಡುವುದಕ್ಕೆ ಮುಂಚೆ ನಿಮ್ಮ ಬೀದಿಯಲ್ಲಿ ಅಂಥವರು ಯಾರಾದರೂ ಇದ್ದು, ಅವರ ಭಾಷೆಯೋ ಹಿಂದಿಯೋ ನಿಮಗೆ ಬರುತ್ತಿದ್ದರೆ, ಒಂದು ದಿನ ಅವರ ಜೊತೆ ಆಸ್ಪತ್ರೆಗೆ ಹೋಗಿ ಬನ್ನಿ. ಪರದೇಶದ ಹಿಫುಕಾದಲ್ಲಿ ನೀವು ಏನು ಹೇಳಬೇಕೆಂಬುದು ಆಗ ನಿಮಗೇ ಗೊತ್ತಾಗುತ್ತದೆ.